ಫ್ರೀಲ್ಯಾನ್ಸ್ ಬಿಟ್ಟು ಖಾಯಂ ನೌಕರಿಗೆ: ಸಂಬಳ ಎಷ್ಟು ಕೇಳೋದು, ಹಳೇ ಗ್ರಾಹಕರನ್ನು ಏನು ಮಾಡೋದು?

ದಿಕ್ಸೂಚಿ42
ಎಂಟು ವರ್ಷದ ಫ್ರೀಲ್ಯಾನ್ಸ್, ಅದರಲ್ಲಿ ಕೊನೆಯ ಮೂರು ವರ್ಷ ಇಬ್ಬರು ಸಹಾಯಕರನ್ನು ಇಟ್ಟುಕೊಂಡು ನಡೆಸಿದ ಪುಟ್ಟ ಸಂಸ್ಥೆ. ಕೆಲಸ ವೆಬ್‌ಸೈಟ್ ಕಟ್ಟಿಕೊಡೋದು, ಆಮೇಲೆ ನೋಡಿಕೊಳ್ಳೋದು. ನೌಕರಿಗೆ ಹೋಗೋದು ತೀರ್ಮಾನ ಆಗಿದೆ, ಹಾಗಾಗಿ ಹೋಗಬೇಕೋ ಬೇಡವೋ ಅನ್ನೋ ಚರ್ಚೆ ಬೇಡ. ಗೊತ್ತಿರುವವರು ಇಷ್ಟು ಹೇಳಿ:

ಗಂಟೆಯ ದರವನ್ನು 2,080ರಿಂದ (52 ವಾರ × 40 ಗಂಟೆ) ಗುಣಿಸಿ ವರ್ಷದ ಸಂಬಳ ಕೇಳಿದರೆ ಸರಿಯೇ? ಮೂವತ್ತಕ್ಕೂ ಹೆಚ್ಚು ಗ್ರಾಹಕರನ್ನು ರೆಸ್ಯೂಮೆಯಲ್ಲಿ ಹೇಗೆ ತೋರಿಸೋದು? ವರ್ಷದ ನಿರ್ವಹಣೆಗೆ ಒಪ್ಪಿಕೊಂಡಿರುವ ನಾಲ್ಕು ಗ್ರಾಹಕರಿದ್ದಾರೆ, ಅವರನ್ನು ಪಕ್ಕದಲ್ಲಿ ಇಟ್ಟುಕೊಳ್ಳಬಹುದಾ?

ಲೆಕ್ಕದ_ಪುಸ್ತಕ
2,080ರ ಗುಣಾಕಾರ ತಪ್ಪು. ವರ್ಷದ ಅಷ್ಟೂ ಗಂಟೆಗೆ ಬಿಲ್ ಮಾಡೋ ಫ್ರೀಲ್ಯಾನ್ಸರ್ ಇಲ್ಲವೇ ಇಲ್ಲ. ಕೊಟೇಶನ್ ಬರೆಯೋದು, ಫೋನ್ ಮಾತು, ಬಾಕಿ ವಸೂಲಿ, ಲೆಕ್ಕ ಬರೆಯೋದು, ಯಾವುದಕ್ಕೂ ಯಾರೂ ದುಡ್ಡು ಕೊಡಲ್ಲ.

ಒಂದು ಉದಾಹರಣೆ, ಹಣ ಯಾವ ದೇಶದ್ದಾದರೂ ಇರಲಿ. ಗಂಟೆಗೆ 100. ವರ್ಷದಲ್ಲಿ ನಿಜವಾಗಿ ಬಿಲ್ ಆದ ಗಂಟೆ 1,000. ಅಂದರೆ 1,00,000. ಇದರಲ್ಲಿ ಸಾಫ್ಟ್‌ವೇರ್ ಚಂದಾ, ಕಂಪ್ಯೂಟರ್ ಸವಕಳಿ, ಇಂಟರ್ನೆಟ್, ಲೆಕ್ಕಿಗರ ಶುಲ್ಕ ಎಲ್ಲ ಸೇರಿ 18,000 ಕಳೆಯಿರಿ. ಬಾರದೇ ಮುಳುಗಿದ ಬಾಕಿ 4,000. ಉಳಿದದ್ದು 78,000. ಈ 78,000ದಲ್ಲೇ ಸ್ವಂತ ಆರೋಗ್ಯ ವಿಮೆಗೆ 5,000, ನಿವೃತ್ತಿಯ ಉಳಿತಾಯಕ್ಕೆ 8,000 ಹೋಗ್ತಿದ್ದು, ಇನ್ನು ಮುಂದೆ ಅವೆರಡನ್ನೂ ಕಂಪನಿಯೇ ಸಂಬಳದ ಮೇಲೆ ಕೊಡೋದಾದರೆ, 65,000 ಸಂಬಳ ಇವತ್ತಿನ ಸ್ಥಿತಿಗೆ ಸಮ. ಅದಕ್ಕಿಂತ ಮೇಲಿದ್ದರೆ ಲಾಭ. 2,08,000 ಕೇಳಿದರೆ ಮಾತುಕತೆ ಅಲ್ಲಿಗೇ ಮುಗಿಯುತ್ತೆ.

ಕೀಲಿಮಣೆ
ಲೆಕ್ಕ ಸರಿ ಸರ್, ಆದರೆ ಆ 65,000 ಕೇಳಬೇಕಾದ ಸಂಖ್ಯೆ ಅಲ್ಲ. ಅದಕ್ಕಿಂತ ಕೆಳಗೆ ಇಳಿಯಬಾರದು ಅನ್ನೋ ಗೆರೆ ಅಷ್ಟೇ. ಕೇಳಬೇಕಾದ್ದು ಆ ಹುದ್ದೆಗೆ ಮಾರುಕಟ್ಟೆಯಲ್ಲಿ ಏನು ನಡೀತಿದೆಯೋ ಅದನ್ನು. ಇವೆರಡನ್ನೂ ಒಂದೇ ಅಂದುಕೊಂಡು ಬಹಳ ಜನ ಕಡಿಮೆ ಕೇಳಿಬಿಡ್ತಾರೆ.

ಲೆಕ್ಕದ_ಪುಸ್ತಕ
ಒಪ್ಪಿದೆ. ಕೆಳಗೆರೆ ಅಂತಲೇ ಓದಿಕೊಳ್ಳಿ.

ಬೇಸಾಯಗಾರ_ಡೇಟಾ
ಇನ್ನೊಂದು ತಿದ್ದುಪಡಿ. ಒಂದೇ ವರ್ಷದ ಲೆಕ್ಕ ಹಿಡೀಬೇಡಿ. ಕೊನೆಯ ಮೂರು ವರ್ಷದ ಸರಾಸರಿ ತೆಗೆಯಿರಿ. ಒಳ್ಳೆ ವರ್ಷದ ಅಂಕಿ ತಲೆಯಲ್ಲಿ ಕೂತಿರುತ್ತೆ, ಕೆಟ್ಟ ವರ್ಷ ಮರೆತುಹೋಗಿರುತ್ತೆ. ಬಾಕಿ ಮುಳುಗಡೆಯಂತೂ ಪ್ರತಿವರ್ಷ ಒಂದೇ ಥರ ಇರಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನೋ ಗ್ರಾಹಕ ಎರಡು ವರ್ಷಕ್ಕೊಬ್ಬ ಸಿಕ್ಕೇ ಸಿಗ್ತಾನೆ.

ಜೊತೆಗೆ, ಸಂಬಳ ಹೇಳುವಾಗ ಕಂಪನಿ ಕೊಡೋ ಒಟ್ಟು ಅಂಕಿಯನ್ನು ಬಿಡಿಸಿ ಕೇಳಿ. ಖಚಿತವಾಗಿ ಪ್ರತಿ ತಿಂಗಳು ಬರೋದು ಎಷ್ಟು, ಬೋನಸ್ ಎಷ್ಟು, ಕಂಪನಿಯ ಷೇರು ಎಷ್ಟು. ಷೇರಿಗೆ ನಾಲ್ಕು ವರ್ಷದ ಕಂತು, ಮೊದಲ ವರ್ಷ ತುಂಬೋ ತನಕ ಏನೂ ಇಲ್ಲ ಅನ್ನೋ ಷರತ್ತು ಸಾಮಾನ್ಯ. ಹನ್ನೊಂದನೇ ತಿಂಗಳಲ್ಲಿ ಬಿಟ್ಟರೆ ಸೊನ್ನೆ.

ಮಳೆಬಿಲ್ಲು_ವಿನ್ಯಾಸ
ರೆಸ್ಯೂಮೆ ಬಗ್ಗೆ. ಗ್ರಾಹಕರನ್ನು ಒಬ್ಬೊಬ್ಬರಾಗಿ ಪಟ್ಟಿ ಮಾಡಬೇಡಿ. ಓದುವವರಿಗೆ ಅದು ಮೂವತ್ತು ಕಡೆ ಕೆಲಸ ಬಿಟ್ಟವರ ಹಾಗೆ ಕಾಣುತ್ತೆ. ಎಂಟು ವರ್ಷಕ್ಕೂ ಸೇರಿ ಒಂದೇ ನಮೂದು, ಒಂದೇ ಹುದ್ದೆಯ ಹೆಸರು, ಶುರುವಾದ ತಿಂಗಳು, ಮುಗಿದ ತಿಂಗಳು. ಅದರ ಕೆಳಗೆ ನಾಲ್ಕೇ ನಾಲ್ಕು ಕೆಲಸ. ಪ್ರತಿಯೊಂದಕ್ಕೂ ಎರಡು ಸಾಲು: ಸಮಸ್ಯೆ ಏನಿತ್ತು, ಕೆಲಸ ಆದಮೇಲೆ ಏನು ಬದಲಾಯಿತು. ಪುಟ ತೆರೆದುಕೊಳ್ಳೋ ಹೊತ್ತು 6 ಸೆಕೆಂಡಿಂದ 2ಕ್ಕೆ ಇಳೀತು ಅನ್ನೋ ಥರ, ಅಳೆದು ತೋರಿಸಬಹುದಾದದ್ದು.

ಗ್ರಾಹಕರ ಜೊತೆ ಗೋಪ್ಯತೆಯ ಒಪ್ಪಂದ ಇದ್ದರೆ ಹೆಸರು ಬೇಡ. "200 ಜನರಿರುವ ಸಾಗಣೆ ಸಂಸ್ಥೆ" ಅಂತ ಬರೆದರೆ ಸಾಕು.

ನೀವು ವಿನ್ಯಾಸದವರು, ಎರಡು ಕಾಲಮ್, ಐಕಾನ್, ಬಣ್ಣದ ಪಟ್ಟಿ ಹಾಕೋ ಆಸೆ ಆಗುತ್ತೆ. ಬೇಡ. ಅರ್ಜಿ ಸೋಸೋ ಸಾಫ್ಟ್‌ವೇರ್‌ಗಳಲ್ಲಿ ಹಲವು ಸಾಲನ್ನು ಎಡದಿಂದ ಬಲಕ್ಕೆ ಓದ್ತವೆ. ಎರಡು ಕಾಲಮ್ ಇದ್ದರೆ ಎಡಗಡೆಯ ಕೌಶಲ್ಯ, ಬಲಗಡೆಯ ದಿನಾಂಕ ಕಲಸಿಹೋಗುತ್ತೆ. ಪುಟದ ತಲೆಬರಹದ ಜಾಗದಲ್ಲಿ ಹಾಕಿದ ಫೋನ್ ನಂಬರ್ ಕೆಲವದಕ್ಕೆ ಕಾಣೋದೇ ಇಲ್ಲ. ಪರೀಕ್ಷೆ ಸುಲಭ: ಪಿಡಿಎಫ್ ತೆರೆದು ಎಲ್ಲ ಆಯ್ಕೆ ಮಾಡಿ, ನಕಲು ಮಾಡಿ, ನೋಟ್‌ಪ್ಯಾಡ್‌ಗೆ ಹಾಕಿ. ಅಲ್ಲಿ ಓದಲಿಕ್ಕೆ ಬಂದರೆ ಯಂತ್ರಕ್ಕೂ ಬಹುತೇಕ ಬರುತ್ತೆ.

ಗಟ್ಟಿಮಾತು
ಹುದ್ದೆಯ ಹೆಸರು ಏನಂತ ಹಾಕೋದು? "ಸಂಸ್ಥಾಪಕ ಮತ್ತು ಸಿಇಒ" ಅಂತ ಹಾಕ್ಕೊಳ್ಳಿ, ಕೈಕೆಳಗೆ ಜನ ಇದ್ದರಲ್ಲ.

ಮಳೆಬಿಲ್ಲು_ವಿನ್ಯಾಸ
ಮೂರು ಜನರ ಸಂಸ್ಥೆಗೆ ಸಿಇಒ ಬೇಡ ರೀ. ಹಿರಿಯ ವಿನ್ಯಾಸಕರ ಹುದ್ದೆಗೆ ಅರ್ಜಿ ಹಾಕಿ ಮೇಲೆ ಸಿಇಒ ಅಂತಿದ್ದರೆ, "ಇವರು ಈ ಕೆಲಸದಲ್ಲಿ ನಿಲ್ತಾರಾ" ಅನ್ನೋ ಅನುಮಾನ ಮೊದಲ ಸಾಲಲ್ಲೇ ಹುಟ್ಟುತ್ತೆ. ಮಾಡಿದ ಕೆಲಸದ ಹೆಸರು ಹಾಕಿ, ಪಕ್ಕದಲ್ಲಿ "ಸ್ವಂತ ಸಂಸ್ಥೆ, 3 ಜನರ ತಂಡ".

ಗಟ್ಟಿಮಾತು
ತಂಡ ನಡೆಸೋ ಹುದ್ದೆಗೆ ಹೋಗೋದಾದರೆ? ಆಗ ಸಂಸ್ಥಾಪಕ ಅನ್ನೋದೇ ಬಲ. ಜನರನ್ನು ತಗೊಂಡಿದ್ದಾರೆ, ಸಂಬಳ ಕೊಟ್ಟಿದ್ದಾರೆ, ಬೆಲೆ ಕಟ್ಟಿದ್ದಾರೆ. ಅದನ್ನು ಮುಚ್ಚಿಡೋದು ಯಾಕೆ?

ಮಳೆಬಿಲ್ಲು_ವಿನ್ಯಾಸ
ಆ ಹುದ್ದೆಗೆ ಸರಿ. ಎರಡು ರೆಸ್ಯೂಮೆ ಇಟ್ಟುಕೊಳ್ಳಲಿ. ಆದರೆ ದಿನಾಂಕ ಮಾತ್ರ ಎರಡರಲ್ಲೂ ಒಂದೇ ಇರಲಿ.

ಪದಬಂಧು
ವಿಷಯಾಂತರ ಆದರೂ ಹೇಳ್ತೀನಿ. ಫ್ರೀಲ್ಯಾನ್ಸರ್ ಅನ್ನೋದಕ್ಕೆ ಪತ್ರಿಕೆಗಳಲ್ಲಿ "ಹವ್ಯಾಸಿ" ಅಂತ ಬರೆಯೋ ರೂಢಿ ಇದೆ, ಹವ್ಯಾಸಿ ಪತ್ರಕರ್ತ, ಹವ್ಯಾಸಿ ಛಾಯಾಗ್ರಾಹಕ. ಕನ್ನಡದಲ್ಲಿ ಅರ್ಜಿಯೋ ಪರಿಚಯವೋ ಬರೆಯೋದಾದರೆ ದಯವಿಟ್ಟು ಆ ಪದ ಬೇಡ. ಬಿಡುವಿದ್ದಾಗ ಖುಷಿಗೆ ಮಾಡಿದ್ದು ಅಂತ ಅರ್ಥ ಬರುತ್ತೆ. ಎಂಟು ವರ್ಷ ಹೊಟ್ಟೆಪಾಡಿಗೆ ಮಾಡಿದ್ದು ಹವ್ಯಾಸ ಅಲ್ಲ. "ಸ್ವತಂತ್ರ ವೃತ್ತಿ" ಅಂತ ಬರೆಯಿರಿ.

ಹೊಂಗೆನೆರಳು
"ಬಿಡಿಗೆಲಸ" ಅಂತಲೂ ಅಂತಾರಲ್ಲ?

ಪದಬಂಧು
ಅದು ಒಂದೊಂದು ಕೆಲಸಕ್ಕೆ ಹೊಂದುತ್ತೆ, ವೃತ್ತಿಗೆ ಹೊಂದಲ್ಲ ಅಂತ ನನ್ನ ಅನಿಸಿಕೆ. ಸರಿ, ವಿಷಯಕ್ಕೆ ಬನ್ನಿ.

ಕಡತವಿಭಾಗ
ಆಫರ್ ಬಂದಮೇಲೆ ಎಡವೋದು ಹಿನ್ನೆಲೆ ಪರಿಶೀಲನೆಯಲ್ಲಿ. ಹಳೇ ಕಂಪನಿಗೆ ಫೋನ್ ಮಾಡಿ ಕೇಳೋಣ ಅಂದರೆ ಹಳೇ ಕಂಪನಿ ನೀವೇ. ಆಗ ಕೇಳೋದು ಇಷ್ಟು: ಸಂಸ್ಥೆಯ ನೋಂದಣಿ ಪತ್ರ, ತೆರಿಗೆ ರಿಟರ್ನ್ ಸಲ್ಲಿಸಿದ ದಾಖಲೆ, ಕೆಲವು ಇನ್‌ವಾಯ್ಸ್ ಮತ್ತು ಆ ಹಣ ಬ್ಯಾಂಕಿಗೆ ಬಂದ ಪುಟ, ಇಬ್ಬರು ಮೂವರು ಗ್ರಾಹಕರ ಪತ್ರ. ಪ್ರತಿ ವರ್ಷಕ್ಕೂ ಕನಿಷ್ಠ ಎರಡು ಇನ್‌ವಾಯ್ಸ್ ಮತ್ತು ಅದಕ್ಕೆ ತಾಳೆಯಾಗೋ ಬ್ಯಾಂಕ್ ನಮೂದು ಒಂದೇ ಫೋಲ್ಡರಿನಲ್ಲಿ ಇಡಿ. ಗ್ರಾಹಕರ ಮೊತ್ತ ಮುಚ್ಚಬಹುದು, ದಿನಾಂಕ ಮುಚ್ಚಬೇಡಿ.

ಇದನ್ನೆಲ್ಲ ಅರ್ಜಿ ಹಾಕೋ ಮೊದಲೇ ಮಾಡಿ. ಇನ್‌ವಾಯ್ಸ್ ತಂತ್ರಾಂಶದ ಚಂದಾ ನಿಲ್ಲಿಸಿದ ಮೇಲೆ ಹಳೇ ಬಿಲ್ ಇಳಿಸಿಕೊಳ್ಳೋಕೆ ಆಗದೇ ಇರಬಹುದು. ಗ್ರಾಹಕರ ಕಡೆ ನಿಮ್ಮನ್ನು ಬಲ್ಲವರು ಕೆಲಸ ಬಿಟ್ಟು ಹೋಗಿರ್ತಾರೆ, ಆಗ ಪತ್ರ ಕೊಡೋಕೆ ಯಾರೂ ಇರಲ್ಲ. ರೆಸ್ಯೂಮೆಯಲ್ಲಿ ಶುರುವಾದ ವರ್ಷ ಒಂದು, ತೆರಿಗೆ ದಾಖಲೆಯಲ್ಲಿ ಇನ್ನೊಂದು ಇದ್ದರೆ ಪ್ರಶ್ನೆ ಖಂಡಿತ. ಮೊದಲ ವರ್ಷ ಸಣ್ಣಪುಟ್ಟ ಕೆಲಸ ಅಂತ ಕಾಗದವೇ ಇಲ್ಲದಿದ್ದರೆ, ಕಾಗದ ಇರೋ ತಿಂಗಳಿಂದಲೇ ಲೆಕ್ಕ ಹಿಡಿಯಿರಿ.

ಸಂಜೆಪಾಳಿ
ಸಂದರ್ಶನದಲ್ಲಿ ಮೂರು ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರ್ತವೆ: ಸ್ವಂತದ್ದು ಯಾಕೆ ಬಿಟ್ಟಿರಿ, ಇನ್ನೊಬ್ಬರು ಹೇಳಿದ ಹಾಗೆ ಕೆಲಸ ಮಾಡ್ತೀರಾ, ಆರು ತಿಂಗಳಲ್ಲಿ ವಾಪಸ್ ಹೋಗ್ತೀರಾ. "ಸ್ಥಿರ ಆದಾಯ ಬೇಕು" ಅನ್ನೋದು ನಿಜ ಇರಬಹುದು, ಆದರೆ ಆ ಉತ್ತರ ಯಾವ ಕಂಪನಿಗಾದರೂ ಹೊಂದುತ್ತೆ, ಅದಕ್ಕೇ ದುರ್ಬಲ. ನೌಕರಿಯಲ್ಲಿ ಮಾತ್ರ ಸಿಗೋದನ್ನು ಹೇಳಿ. ಫ್ರೀಲ್ಯಾನ್ಸಲ್ಲಿ ಸೈಟ್ ಕಟ್ಟಿ ಕೈಗಿಟ್ಟ ಮೇಲೆ ಎರಡು ವರ್ಷ ಬಿಟ್ಟು ಅದು ಹೇಗಿದೆ ಅಂತ ನೋಡೋ ಅವಕಾಶ ಕಡಿಮೆ. ಒಂದೇ ಉತ್ಪನ್ನವನ್ನು ವರ್ಷಗಟ್ಟಲೆ ತಿದ್ದಬೇಕು ಅನ್ನೋದು ಗಟ್ಟಿ ಕಾರಣ. ಎರಡನೇ ಪ್ರಶ್ನೆಗೆ, ನಿಮ್ಮ ಸಲಹೆಯನ್ನು ಗ್ರಾಹಕರು ಒಪ್ಪದೇ ಹೋದಾಗಲೂ ಅವರ ತೀರ್ಮಾನದಂತೆ ಚೆನ್ನಾಗಿ ಮುಗಿಸಿಕೊಟ್ಟ ಒಂದು ಕೆಲಸ ಸಿದ್ಧ ಇರಲಿ. ಹಳೇ ಗ್ರಾಹಕರನ್ನು ಬೈಬೇಡಿ.

ಎರಡುದೋಣಿ
ನಾಲ್ಕು ನಿರ್ವಹಣೆ ಗ್ರಾಹಕರ ವಿಷಯ. ಇಟ್ಟುಕೊಳ್ಳಿ ಅಂತೀನಿ. ಅದು ಕಷ್ಟಕಾಲಕ್ಕೆ ಆಗೋ ದುಡ್ಡು. ಪ್ರೊಬೇಶನ್ ಮುಗಿಯೋಕೆ ಮೂರರಿಂದ ಆರು ತಿಂಗಳು, ಅಷ್ಟರಲ್ಲಿ ಕಂಪನಿಯೇ ಬೇಡ ಅಂದರೆ ಕೈಯಲ್ಲಿ ಏನಿರುತ್ತೆ?

ಕಡತವಿಭಾಗ
ಬೆಳಿಗ್ಗೆ 11ಕ್ಕೆ ಗ್ರಾಹಕರ ಸೈಟ್ ಬಿದ್ದರೆ? ನೀವು ಮೀಟಿಂಗಲ್ಲಿ ಇರ್ತೀರಿ. ಅತ್ತ ಗ್ರಾಹಕರ ವ್ಯಾಪಾರ ನಿಂತಿರುತ್ತೆ, ಇತ್ತ ಹೊಸ ಮ್ಯಾನೇಜರ್ ನೋಡ್ತಿರ್ತಾರೆ. ಎರಡು ಕಡೆಯೂ ಹೆಸರು ಕೆಡುತ್ತೆ. ಸೈಟ್ ನಿರ್ವಹಣೆ ಅಂದರೆ ತುರ್ತು ಕರೆಯ ಕೆಲಸ, ಅದು ಪಕ್ಕದಲ್ಲಿ ಇಟ್ಟುಕೊಳ್ಳೋ ಜಾತಿಯದ್ದಲ್ಲ.

ಎರಡುದೋಣಿ
ತುರ್ತು ಇಲ್ಲದ ಹಾಗೆ ಒಪ್ಪಂದ ತಿದ್ದಬಹುದಲ್ಲ. ಉತ್ತರಕ್ಕೆ 72 ಗಂಟೆ, ಕೆಲಸ ವಾರಾಂತ್ಯದಲ್ಲಿ ಮಾತ್ರ, ಸರ್ವರ್ ಬಿದ್ದರೆ ನೇರ ಹೋಸ್ಟಿಂಗ್ ಕಂಪನಿಗೆ (ಸರ್ವರ್ ಬಾಡಿಗೆಗೆ ಕೊಟ್ಟವರಿಗೆ) ಕರೆ.

ಕಡತವಿಭಾಗ
ಹಾಗೆ ಬರೆದುಕೊಟ್ಟು ಗ್ರಾಹಕರು ಸಹಿ ಹಾಕಿದರೆ ಒಂದನ್ನು ಇಟ್ಟುಕೊಳ್ಳಲಿ, ನಾಲ್ಕನ್ನಲ್ಲ. ಅದೂ ಹೊಸ ಕಂಪನಿಯ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ. "ಹೆಚ್‌ಆರ್ ಬಾಯಲ್ಲಿ ಪರವಾಗಿಲ್ಲ ಅಂದ್ರು" ಅನ್ನೋದು ಲೆಕ್ಕಕ್ಕಿಲ್ಲ. ಆ ಹೆಚ್‌ಆರ್ ಮುಂದಿನ ವರ್ಷ ಇರಲ್ಲ, ಕರಾರು ಪತ್ರ ಇರುತ್ತೆ.

ಕರಾರುಪತ್ರ
ಕರಾರಿನ ಮಾತು ಬಂತಲ್ಲ, ಸಹಿಗೆ ಮೊದಲು ಓದಲೇಬೇಕಾದ ಅಂಶಗಳಿವೆ.

ಹೊರಗಿನ ಕೆಲಸದ ನಿಷೇಧ ಹೇಗಿದೆ ನೋಡಿ. "ಸ್ಪರ್ಧಿಗಳಿಗೆ ಮಾಡುವಂತಿಲ್ಲ" ಅನ್ನೋದಕ್ಕೂ "ಯಾರಿಗೂ ಮಾಡುವಂತಿಲ್ಲ" ಅನ್ನೋದಕ್ಕೂ ಬಹಳ ವ್ಯತ್ಯಾಸ. ಅರ್ಧ ಮುಗಿದ ಕೆಲಸ ಇದ್ದರೆ ಅದರ ವಿವರ, ಮುಗಿಯೋ ದಿನಾಂಕ ಎರಡನ್ನೂ ಅನುಬಂಧದಲ್ಲಿ ಸೇರಿಸಲು ಕೇಳಿ.

ಫ್ರೀಲ್ಯಾನ್ಸರ್‌ಗಳಿಗೆ ಅದಕ್ಕಿಂತ ದೊಡ್ಡದು ಬೌದ್ಧಿಕ ಸ್ವತ್ತಿನ ಕಲಂ. ಎಂಟು ವರ್ಷದಲ್ಲಿ ಕಟ್ಟಿಕೊಂಡ ಟೆಂಪ್ಲೇಟು, ಕೋಡ್ ಲೈಬ್ರರಿ, ಐಕಾನ್ ಸಂಗ್ರಹ ಇರುತ್ತಲ್ಲ, ಅದರ ಪಟ್ಟಿಯನ್ನು "ಇವು ಮೊದಲೇ ನನ್ನವು" ಅಂತ ಕರಾರಿಗೆ ಲಗತ್ತಿಸಿ. ಹಲವು ಕರಾರುಗಳಲ್ಲಿ ಅದಕ್ಕೆಂದೇ ಖಾಲಿ ಪುಟ ಇರುತ್ತೆ. ಖಾಲಿ ಬಿಟ್ಟು ಸಹಿ ಹಾಕಿದರೆ "ಹಿಂದಿನದ್ದು ಏನೂ ಇಲ್ಲ" ಅಂತ ಒಪ್ಪಿಕೊಂಡ ಹಾಗೆ. ಪಟ್ಟಿ ಕೊಟ್ಟ ಮೇಲೂ ಆ ಹಳೇ ಕೋಡನ್ನು ಕಂಪನಿ ಕೆಲಸಕ್ಕೆ ಕೇಳದೆ ಬಳಸಬೇಡಿ. ಕಂಪನಿ ದುಡ್ಡಲ್ಲಿ ತಿದ್ದಿದ ಭಾಗ ಯಾರದ್ದು ಅನ್ನೋ ಜಗಳ ಅಲ್ಲಿಂದ ಶುರು. ಕಂಪನಿ ಲ್ಯಾಪ್‌ಟಾಪಲ್ಲಿ ಸ್ವಂತ ಕೆಲಸವೂ ಬೇಡ, ಸ್ವಂತ ಲ್ಯಾಪ್‌ಟಾಪಲ್ಲಿ ಕಂಪನಿ ಕೆಲಸವೂ ಬೇಡ.

ಹೊಂಗೆನೆರಳು
ಗ್ರಾಹಕರಲ್ಲೇ ಒಬ್ಬರು ನೌಕರಿ ಕೊಡ್ತೀನಿ ಅಂದರೆ? ಅದು ಸುಲಭ ದಾರಿ ಅಲ್ವಾ?

ಕರಾರುಪತ್ರ
ಒಳ್ಳೇ ದಾರಿ, ಪರಸ್ಪರ ಗೊತ್ತಿರುತ್ತೆ. ಆದರೆ ಪರಿಚಯ ಎಲ್ಲಿಂದ ಆಯ್ತು ನೋಡಿಕೊಳ್ಳಿ. ಅಪ್‌ವರ್ಕ್‌ನಂಥ ಫ್ರೀಲ್ಯಾನ್ಸ್ ಕೆಲಸ ಕೊಡಿಸೋ ತಾಣದಿಂದ ಬಂದ ಗ್ರಾಹಕರಾದರೆ 2 ವರ್ಷದೊಳಗೆ ತಾಣದ ಹೊರಗೆ ವ್ಯವಹಾರ ಮಾಡೋಕೆ ಪರಿವರ್ತನಾ ಶುಲ್ಕ ಕಟ್ಟಬೇಕಾಗುತ್ತೆ. ಏಜೆನ್ಸಿ ಮೂಲಕ ಬಂದಿದ್ದರೂ ಹಾಗೇ ಷರತ್ತು ಇರಬಹುದು. ಆ ಖರ್ಚು ಕಂಪನಿಯದ್ದು ಅಂತ ಮೊದಲೇ ಮಾತಾಡಿ.

ತಂತಿಮರ
ಈಗ ಗ್ರಾಹಕರನ್ನು ಬಿಡೋ ಕೆಲಸ. ಕ್ರಮ ಮುಖ್ಯ. ಸಹಿಯಾದ ಆಫರ್ ಕೈಗೆ ಬರೋ ತನಕ ಯಾರಿಗೂ ಹೇಳಬೇಡಿ. ಬಂದಮೇಲೆ ಒಂದೇ ವಾರದಲ್ಲಿ ಎಲ್ಲರಿಗೂ ಹೇಳಿ, ಒಬ್ಬರಿಂದ ಇನ್ನೊಬ್ಬರಿಗೆ ಸುದ್ದಿ ಹೋಗಬಾರದು. ಕರಾರಿನಲ್ಲಿ 30 ದಿನದ ನೋಟಿಸ್ ಇದ್ದರೆ 45 ದಿನ ಇಟ್ಟುಕೊಳ್ಳಿ. ಕೆಲಸಕ್ಕೆ ಸೇರೋ ದಿನಾಂಕವನ್ನು ಇದರ ಮೇಲೆ ನಿಗದಿ ಮಾಡಿಸಿಕೊಳ್ಳಿ.

ಹಸ್ತಾಂತರದಲ್ಲಿ ಸಿಕ್ಕಿಹಾಕಿಕೊಳ್ಳೋದು ಪಾಸ್‌ವರ್ಡ್‌ನಿಂದಲ್ಲ, ಖಾತೆ ಯಾರ ಹೆಸರಲ್ಲಿದೆ ಅನ್ನೋದರಿಂದ. ಡೊಮೈನ್ (ಸೈಟಿನ ವಿಳಾಸ) ನಿಮ್ಮ ಖಾತೆಯಲ್ಲಿದ್ದರೆ ಗ್ರಾಹಕರಿಗೆ ಅದನ್ನು ನೋಂದಾಯಿಸಿಕೊಟ್ಟ ಅದೇ ಕಂಪನಿಯಲ್ಲಿ, ಅಂದರೆ ರಿಜಿಸ್ಟ್ರಾರ್‌ನಲ್ಲಿ ಖಾತೆ ತೆರೆಸಿ ಒಳಗಿಂದೊಳಗೇ ವರ್ಗಾಯಿಸಿ, ಬೇಗ ಆಗುತ್ತೆ. ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸೋದಾದರೆ ಡೊಮೈನಿನ ವರ್ಗಾವಣೆ ಬೀಗ ತೆಗೆದು ದೃಢೀಕರಣ ಸಂಕೇತ ಕೊಡಬೇಕು, ಕೆಲವು ದಿನ ಹಿಡಿಯುತ್ತೆ. ಈಗಷ್ಟೇ ನೋಂದಾಯಿಸಿದ ಅಥವಾ ಸಾಗಿಸಿದ ಡೊಮೈನನ್ನು ಸಾಮಾನ್ಯವಾಗಿ 60 ದಿನ ಅಲ್ಲಾಡಿಸೋಕೆ ಬಿಡಲ್ಲ. ಡೊಮೈನ್ ಸಾಗಿಸುವಾಗ ಡಿಎನ್‌ಎಸ್ ನಮೂದುಗಳ (ಆ ಹೆಸರಿನ ಸೈಟ್, ಮೇಲ್ ಯಾವ ಸರ್ವರಿಗೆ ಹೋಗಬೇಕು ಅನ್ನೋ ಪಟ್ಟಿ) ಪ್ರತಿ ಇಟ್ಟುಕೊಳ್ಳಿ. ವೆಬ್‌ಸೈಟ್ ನಡೀತಿದೆ ಅಂತ ಸುಮ್ಮನಾಗ್ತಾರೆ, ಇಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳೋ ಎಂಎಕ್ಸ್ ನಮೂದು ಬಿಟ್ಟುಹೋಗಿ ಎರಡು ದಿನದ ಮೇಲ್ ಮಾಯ.

ಎರಡು ಹಂತದ ಪರಿಶೀಲನೆಯ ಒಟಿಪಿ ನಿಮ್ಮ ಫೋನಿಗೇ ಬರ್ತಿರುತ್ತೆ. ಪಾಸ್‌ವರ್ಡ್ ಕೊಟ್ಟು ಕೈ ತೊಳೆದುಕೊಂಡರೆ ಹೊಸ ಆಫೀಸಿನಲ್ಲಿ ಕೂತಾಗ "ಒಟಿಪಿ ಹೇಳಿ" ಅನ್ನೋ ಕರೆ ತಪ್ಪಲ್ಲ. ಗ್ರಾಹಕರ ನಂಬರಿಗೆ ಬದಲಿಸಿ, ಅವರೇ ಒಮ್ಮೆ ಲಾಗಿನ್ ಆಗೋದನ್ನು ಕಣ್ಣಾರೆ ನೋಡಿ.

ಬೇಸಾಯಗಾರ_ಡೇಟಾ
ಕಾರ್ಡಿನಿಂದ ತಾನಾಗೇ ಕಡಿತ ಆಗೋ ಬಾಬ್ತುಗಳೂ ಇವೆ. ಬ್ಯಾಂಕ್ ವಿವರ 12 ತಿಂಗಳಲ್ಲ, 13 ತಿಂಗಳದ್ದು ತೆಗೆದು ನೋಡಿ. ವರ್ಷಕ್ಕೊಮ್ಮೆ ಬರೋ ನವೀಕರಣ ಒಂದೆರಡು ದಿನ ಆಚೀಚೆ ಆಗಿ ತಪ್ಪಿಸಿಕೊಳ್ಳುತ್ತೆ.

ಮಳೆಬಿಲ್ಲು_ವಿನ್ಯಾಸ
ಫಾಂಟ್ ಪರವಾನಗಿ ಕೂಡ! ನಿಮ್ಮ ಹೆಸರಲ್ಲಿ ಕೊಂಡ ಫಾಂಟ್ ಗ್ರಾಹಕರ ಸೈಟಲ್ಲಿ ಓಡ್ತಿದ್ದರೆ ಅದು ಬಹಳ ಸಲ ವರ್ಗಾಯಿಸೋಕೆ ಬರಲ್ಲ. ವೆಬ್ ಪರವಾನಗಿಗೆ ಪುಟ ವೀಕ್ಷಣೆಯ ಮಿತಿಯೂ ಇರಬಹುದು. ಗ್ರಾಹಕರೇ ಕೊಳ್ಳಲಿ ಅಂತ ಹಸ್ತಾಂತರ ಪತ್ರದಲ್ಲಿ ಬರೆಯಿರಿ.

ಗಟ್ಟಿಮಾತು
ಇಬ್ಬರು ಸಹಾಯಕರ ಕಥೆ ಏನು? ಯಾರೂ ಕೇಳಲೇ ಇಲ್ಲ. ಆ ನಾಲ್ಕು ನಿರ್ವಹಣೆ ಕೆಲಸ ಅವರಿಗೇ ಕೊಡಬಹುದಲ್ಲ? ಗ್ರಾಹಕರಿಗೂ ಗೊತ್ತಿರೋ ಮುಖ.

ತಂತಿಮರ
ಇಲ್ಲಿ ಬಂದಿರೋ ಸಲಹೆಗಳಲ್ಲಿ ಇದೇ ಉತ್ತಮ. ಆದರೆ "ನೀನೇ ನೋಡ್ಕೋ" ಅಂತ ಬಾಯಿಮಾತಿಗೆ ಬಿಡಬೇಡಿ. ಗ್ರಾಹಕರು ಮತ್ತು ಸಹಾಯಕರ ಮಧ್ಯೆ ಹೊಸ ಕರಾರು ಆಗಲಿ, ನಿಮ್ಮ ಹಳೇ ಕರಾರು ರದ್ದಾಯ್ತು ಅಂತ ಒಂದು ಸಾಲಿನ ಪತ್ರ ಇರಲಿ. ಇಲ್ಲದಿದ್ದರೆ ಅವರ ತಪ್ಪಿಗೂ ಹೊಣೆ ನಿಮ್ಮದೇ. ಮುಂಗಡ ಪಡೆದಿದ್ದರೆ ಕೆಲಸ ಆಗದ ತಿಂಗಳುಗಳ ಹಣ ವಾಪಸ್ ಕೊಡಿ, ಅಥವಾ ಮುಂದೆ ನೋಡಿಕೊಳ್ಳುವವರಿಗೆ ದಾಟಿಸಿ ರಸೀದಿ ತಗೊಳ್ಳಿ.

ಕರಾರುಪತ್ರ
ವೃತ್ತಿ ಹೊಣೆಗಾರಿಕೆಯ ವಿಮೆ (ಕೆಲಸದ ತಪ್ಪಿನಿಂದ ಗ್ರಾಹಕರಿಗಾದ ನಷ್ಟ ಭರಿಸೋದು) ಇದ್ದರೆ "ಇನ್ನು ಕೆಲಸ ಇಲ್ವಲ್ಲ" ಅಂತ ಕೂಡಲೇ ನಿಲ್ಲಿಸಬೇಡಿ. ಈ ವಿಮೆಗಳಲ್ಲಿ ಬಹುಪಾಲು, ದೂರು ಬಂದ ದಿನ ಪಾಲಿಸಿ ಚಾಲ್ತಿಯಲ್ಲಿದ್ದರೆ ಮಾತ್ರ ಕೊಡೋ ಬಗೆಯವು. ಹೋದ ವರ್ಷ ಮಾಡಿದ ಕೆಲಸಕ್ಕೆ ಮುಂದಿನ ವರ್ಷ ದೂರು ಬಂದು ಅಷ್ಟರಲ್ಲಿ ಪಾಲಿಸಿ ರದ್ದಾಗಿದ್ದರೆ ಏನೂ ಸಿಗಲ್ಲ. ವ್ಯವಹಾರ ಮುಚ್ಚಿದ ಮೇಲಿನ ಅವಧಿಗೆ ಬೇರೆ ರಕ್ಷಣೆ ಮಾರ್ತಾರೆ, ಕರಾರುಗಳಲ್ಲಿ ಎಷ್ಟು ವರ್ಷದ ಹೊಣೆ ಒಪ್ಪಿದ್ದೀರೋ ಅಷ್ಟಕ್ಕೆ ತಗೊಳ್ಳಿ.

ಲೆಕ್ಕದ_ಪುಸ್ತಕ
ಹಣದ ಹರಿವು ನೋಡಿ. ಸಂಬಳದ ಪಟ್ಟಿ ತಿಂಗಳ ನಡುವೆ ಎಲ್ಲೋ ಒಂದು ದಿನ ಅಂತಿಮ ಮಾಡ್ತಾರೆ. ಆ ದಿನ ದಾಟಿ ಸೇರಿದರೆ ಮೊದಲ ಸಂಬಳ ಮುಂದಿನ ತಿಂಗಳ ಜೊತೆ ಬರಬಹುದು. ಅತ್ತ ಕೊನೆಯ ಇನ್‌ವಾಯ್ಸ್‌ಗಳು 30, 45, 60 ದಿನದ ಗಡುವಿನವು, ಬಿಟ್ಟು ಹೋಗ್ತಿರೋರಿಗೆ ಕೊಡೋ ಆತುರ ಗ್ರಾಹಕರಿಗೆ ಇರಲ್ಲ. ಅದಕ್ಕೇ ಕೊನೆಯ ಕೆಲಸಕ್ಕೆ ಅರ್ಧ ಹಣ ಮೊದಲು, ಉಳಿದರ್ಧ ಹಸ್ತಾಂತರದ ದಿನ. ಮೂರು ತಿಂಗಳ ಮನೆ ಖರ್ಚು ಕೈಯಲ್ಲಿರಲಿ.

ಸೇರಿದ ವರ್ಷದ ತೆರಿಗೆ ಇನ್ನೊಂದು ಗುಂಡಿ. ಕಂಪನಿ ತಾನು ಕೊಡೋ ಸಂಬಳ ಮಾತ್ರ ನೋಡಿ ತೆರಿಗೆ ಮುರಿಯುತ್ತೆ. ಅದೇ ವರ್ಷದ ಮೊದಲ ಅರ್ಧದ ಫ್ರೀಲ್ಯಾನ್ಸ್ ಆದಾಯ ಅದಕ್ಕೆ ಗೊತ್ತಿರಲ್ಲ. ಆದಾಯ ಏರಿದಂತೆ ದರ ಏರೋ ಪದ್ಧತಿ ಇರೋ ಕಡೆ ಎರಡೂ ಕೂಡಿದರೆ ಮೇಲಿನ ಹಂತಕ್ಕೆ ಹೋಗ್ತೀರಿ, ವರ್ಷದ ಕೊನೆಗೆ ಒಮ್ಮೆಲೇ ಕಟ್ಟಬೇಕಾಗುತ್ತೆ. ಒಂದೋ ಹಳೇ ಆದಾಯವನ್ನು ಕಂಪನಿಗೆ ತಿಳಿಸಿ ಹೆಚ್ಚು ಮುರಿಸಿಕೊಳ್ಳಿ, ಇಲ್ಲಾ ಮುಂಗಡ ತೆರಿಗೆ ನೀವೇ ಕಟ್ಟಿ.

ಸಂಜೆಪಾಳಿ
ಸೇರಿದ ಮೇಲಿನ ಮೊದಲ ಮೂರು ತಿಂಗಳ ಬಗ್ಗೆ ಒಂದು ಮಾತು. ಫ್ರೀಲ್ಯಾನ್ಸರ್‌ಗಳು ಕೆಲಸದಲ್ಲಿ ಸೋಲಲ್ಲ, ಅಭ್ಯಾಸದಲ್ಲಿ ಎಡವ್ತಾರೆ. ಕೇಳಿದವರಿಗೆಲ್ಲ ಗ್ರಾಹಕರಿಗೆ ಅಂದ ಹಾಗೆ "ಆಯ್ತು" ಅಂತಾರೆ. ಮೂರು ಜನ ಮೂರು ಕೆಲಸ ಕೊಟ್ಟಾಗ ಯಾವುದು ಮೊದಲು ಅಂತ ತೀರ್ಮಾನಿಸೋದು ಮ್ಯಾನೇಜರ್ ಕೆಲಸ, ಪಟ್ಟಿ ತಗೊಂಡು ಹೋಗಿ ಕೇಳಿ. ಇನ್ನೊಂದು, ಪೂರ್ತಿ ಮುಗಿಸಿ ತೋರಿಸೋ ಅಭ್ಯಾಸ. ಇಲ್ಲಿ ಶೇಕಡಾ 20 ಆದಾಗಲೇ ತೋರಿಸಿ, ಪಕ್ಕದ ತಂಡ ಅದನ್ನೇ ಮಾಡ್ತಿರಬಹುದು. ಬೇಕಾದ ಸಾಫ್ಟ್‌ವೇರನ್ನು ಸ್ವಂತ ಕಾರ್ಡಲ್ಲಿ ಕೊಂಡು ಕಂಪನಿ ಮಾಹಿತಿ ಅದಕ್ಕೆ ಹಾಕೋದಂತೂ ಬೇಡವೇ ಬೇಡ, ಭದ್ರತಾ ನಿಯಮ ಮುರಿದ ಹಾಗಾಗುತ್ತೆ.

ಕೀಲಿಮಣೆ
ಆಫರ್ ಹಂತದಲ್ಲೇ ನಿಮ್ಮ ದರ್ಜೆ ಯಾವುದು, ಆ ದರ್ಜೆಯ ಸಂಬಳದ ಮಿತಿ ಎಷ್ಟು ಅಂತಲೂ ಕೇಳಿ. ಏರಿಕೆ ಶೇಕಡಾವಾರು ಲೆಕ್ಕದಲ್ಲಿ ಬರೋದರಿಂದ ಶುರುವಲ್ಲಿ ಶೇಕಡಾ 10 ಕಡಿಮೆ ಒಪ್ಪಿದರೆ ಐದು ವರ್ಷ ಆದಮೇಲೂ ಪಕ್ಕದವರಿಗಿಂತ ಅಷ್ಟೇ ಕಡಿಮೆ. ಸೇರೋವಾಗಿನ ಒಂದು ಸಲದ ಬೋನಸ್ ಕೊಟ್ಟು ಮೂಲ ಸಂಬಳ ಇಳಿಸೋಕೆ ಬಂದರೆ ಒಪ್ಪಬೇಡಿ.

ದಿಕ್ಸೂಚಿ42
ಎಲ್ಲರಿಗೂ ಧನ್ಯವಾದ. ನಿರ್ವಹಣೆ ಕೆಲಸ ನಾಲ್ಕೂ ಸಹಾಯಕರಿಗೆ, ಹೊಸ ಕರಾರಿನ ಜೊತೆ. 13 ತಿಂಗಳ ಬ್ಯಾಂಕ್ ವಿವರ ಇವತ್ತೇ ತೆಗೀತೀನಿ. ಕೊನೆಯ ಪ್ರಶ್ನೆ: ಸಂಸ್ಥೆಯ ನೋಂದಣಿ, ಬ್ಯಾಂಕ್ ಖಾತೆ ಸೇರಿದ ತಕ್ಷಣ ಮುಚ್ಚಲಾ, ಇರಲಿ ಅಂತ ಬಿಡಲಾ?

ಲೆಕ್ಕದ_ಪುಸ್ತಕ
ಖಾತೆಯನ್ನು ಕೊನೆಗೆ ಮುಚ್ಚಿ. ಕೊನೆಯ ಬಾಕಿ, ತೆರಿಗೆ ಮರುಪಾವತಿ ಎರಡೂ ಅದಕ್ಕೇ ಬರಬೇಕು. ಮೊದಲು ಮಾರಾಟ ತೆರಿಗೆಯ ನೋಂದಣಿ ರದ್ದು, ಆಮೇಲೆ ಕೊನೆಯ ರಿಟರ್ನ್ ಸಲ್ಲಿಕೆ, ಆಮೇಲೆ ಸಂಸ್ಥೆ, ಕೊನೆಗೆ ಖಾತೆ. ನಿಮ್ಮಲ್ಲಿನ ಕ್ರಮ ಸ್ವಲ್ಪ ಬೇರೆ ಇದ್ದರೆ ಲೆಕ್ಕಿಗರು ಹೇಳ್ತಾರೆ. ಸುಮ್ಮನೆ ಬಿಡೋದು ಬೇಡ. ವ್ಯವಹಾರ ಸೊನ್ನೆ ಇದ್ದರೂ ನೋಂದಾಯಿತ ಕಂಪನಿಗೆ ವರ್ಷ ವರ್ಷ ರಿಟರ್ನ್ ಸಲ್ಲಿಸೋದು ತಪ್ಪಲ್ಲ, ಮರೆತರೆ ದಂಡ.

ದಿಕ್ಸೂಚಿ42
ನೋಂದಣಿ ರದ್ದಾದ ಮೇಲೆ ಹಳೇ ಕೆಲಸಕ್ಕೆ ಯಾರಾದರೂ ತಿದ್ದಿದ ಇನ್‌ವಾಯ್ಸ್ ಕೇಳಿದರೆ?

ಲೆಕ್ಕದ_ಪುಸ್ತಕ
ಕೊಡೋಕೆ ಕಷ್ಟ ಆಗುತ್ತೆ. ಅದಕ್ಕೇ ರದ್ದತಿಗೆ ಹಾಕೋ ಮೊದಲು ಎಲ್ಲ ಗ್ರಾಹಕರಿಗೂ ವರ್ಷದ ಖಾತಾ ವಿವರ ಕಳಿಸಿ, ವ್ಯತ್ಯಾಸ ಇದ್ದರೆ 15 ದಿನದೊಳಗೆ ತಿಳಿಸಿ ಅಂತ ಬರೆಯಿರಿ. ಅವರ ಉತ್ತರದ ಮೇಲ್ ಪಿಡಿಎಫ್ ಮಾಡಿ ಇಡಿ. ಸಂಸ್ಥೆಯ ಡೊಮೈನಿನ ಇಮೇಲನ್ನೂ ಇನ್ನೊಂದು ವರ್ಷ ಜೀವಂತ ಇಡಿ, ತೆರಿಗೆ ಇಲಾಖೆಯ ಪತ್ರ ಅದೇ ವಿಳಾಸಕ್ಕೆ ಬರುತ್ತೆ.